ಕಚ್ಚಾತೈಲವೂ ವೇಗವರ್ಧಕವೂ

ಮಡಕೆಗೆ ಮಣ್ಣು ಉಪಾದಾನ ಕಾರಣ, ಚಕ್ರದಂಡಗಳು ನಿಮಿತ್ತ ಕಾರಣ ಎಂದು ನಮ್ಮ ತರ್ಕಶಾಸ್ತ್ರವು ವಿವೇಚಿಸುತ್ತದೆ. ಮಣ್ಣು ಮಡಕೆಯಾಗಿ ಹೋಗುತ್ತದೆ. ಚಕ್ರವು ಮತ್ತೊಂದು ಮಡಕೆಗೆ ಸಿದ್ಧವಾಗಿ ಉಳಿಯುತ್ತದೆ. ರಸಾಯನಶಾಸ್ತ್ರದ 'ವೇಗವರ್ಧಕ'ವನ್ನು ಅರಿಯಲು ಈ ದೃಷ್ಟಾಂತವು ಒಳ್ಳೆಯ ಮೆಟ್ಟಿಲು. ಆದರೆ ಒಂದು ಭೇದವುಂಟು. ವೇಗವರ್ಧಕವು ಅಣುಗಳನ್ನು ತನ್ನ ಮೈಮೇಲೆ ಕ್ಷಣಕಾಲ ಹಿಡಿದು, ಅವುಗಳ ಬಂಧವನ್ನು ಸಡಿಲಿಸಿ, ಕ್ರಿಯೆಗೆ ಸುಲಭವಾದ ದಾರಿಯನ್ನು ತೆರೆದು, ಅನಂತರ ತಾನು ಬಿಡುಗಡೆ ಹೊಂದುತ್ತದೆ. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಈ ವ್ಯಾಪಾರಕ್ಕೆ ಹೆಸರಿಟ್ಟನು.

ಇದರ ಮಹತ್ಕಾರ್ಯವನ್ನು ಕಾಣಲು ಹಾಲಾಡಿಯವರಾದ ನಾವು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿಯೇ, ಮಂಗಳೂರಿನ ಬಡಗಣ ಕುತ್ತೆತ್ತೂರಿನಲ್ಲಿ ಎಂ.ಆರ್.ಪಿ.ಎಲ್. ತೈಲ ಸಂಸ್ಕರಣಾಗಾರವಿದೆ. 1988ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು 2003ರಲ್ಲಿ ಓ.ಎನ್.ಜಿ.ಸಿ.ಯ ಅಧೀನಕ್ಕೆ ಬಂದಿತು. ಆರಂಭದಲ್ಲಿ ವರ್ಷಕ್ಕೆ 30 ಲಕ್ಷ ಟನ್ನುಗಳಷ್ಟಿದ್ದ ಅದರ ಸಾಮರ್ಥ್ಯವು ಈಗ 150 ಲಕ್ಷ ಟನ್ನುಗಳಾಗಿದೆ. ಅದಕ್ಕಾಗಿ ಸುತ್ತಲಿನ ರೈತರು ತಮ್ಮ ಗದ್ದೆತೋಟಗಳನ್ನು ಬಿಟ್ಟುಕೊಟ್ಟರೆಂಬುದನ್ನೂ ಮರೆಯಲಾಗದು.

ಕಚ್ಚಾತೈಲಗಳೆಲ್ಲವೂ ಒಂದೇ ಬಗೆಯವಲ್ಲ. ಲಘುತೈಲವು ನೀರಿನಂತೆ ಹರಿಯುತ್ತದೆ. ಗುರುತೈಲವು ಕಾಕಂಬಿಯಂತೆ ಮಂದವಾದುದು. ಇದರಲ್ಲಿ ಇಂಗಾಲದ ಪಾಲು ಹೆಚ್ಚು, ಜಲಜನಕದ ಪಾಲು ಕಡಿಮೆ. ಗಂಧಕ, ನಿಕಲ್, ವನೇಡಿಯಂಗಳ ಕಲ್ಮಷವೂ ಅಧಿಕ. ಬೆಲೆ ಅಗ್ಗವಾದರೂ ಬರಿಯ ಬಟ್ಟಿಯಿಳಿಸಿದರೆ ಬಹುಭಾಗ ಗಷ್ಟಾಗಿ ಉಳಿದುಬಿಡುತ್ತದೆ. ತೈಲದ ಬಹುಪಾಲನ್ನು ಹೊರನಾಡುಗಳಿಂದ ಕೊಳ್ಳುವ ನಮ್ಮ ದೇಶಕ್ಕೆ ಈ ಭಾರಭಾಗವನ್ನು ಇಂಧನವಾಗಿಸುವುದು ಅತ್ಯಗತ್ಯ.

ಅದಕ್ಕೆ ಎರಡು ಉಪಾಯಗಳುಂಟು: ಇಂಗಾಲವನ್ನು ಕಳೆಯುವುದು, ಇಲ್ಲವೇ ಜಲಜನಕವನ್ನು ಕೂಡಿಸುವುದು. ಮೊದಲನೆಯದರಲ್ಲಿ ಜಿಯೋಲೈಟ್ ಎಂಬ ರಂಧ್ರಮಯ ಖನಿಜವನ್ನುಳ್ಳ ನುಣ್ಣನೆಯ ಪುಡಿಯು ಸುಮಾರು 500 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ದೊಡ್ಡ ಅಣುಗಳನ್ನು ಸೀಳುತ್ತದೆ. ಕೆಲವೇ ಕ್ಷಣಗಳಲ್ಲಿ ಅದರ ಮೈಗೆ ಇಂಗಾಲದ ಮಸಿ ಹತ್ತುತ್ತದೆ. ಆ ಮಸಿಯನ್ನು ಗಾಳಿಯಲ್ಲಿ ಸುಟ್ಟರೆ ಪುಡಿಯು ಮರಳಿ ಚೇತನಗೊಳ್ಳುವುದಲ್ಲದೆ, ಆ ಉರಿಯೇ ಮುಂದಿನ ಸೀಳುವಿಕೆಗೆ ಶಾಖವನ್ನೊದಗಿಸುತ್ತದೆ. ಎರಡನೆಯದರಲ್ಲಿ ನಿಕಲ್, ಮಾಲಿಬ್ಡಿನಂ ಮೊದಲಾದ ಲೋಹಗಳುಳ್ಳ ಗುಳಿಗೆಗಳ ನಡುವೆ, ವಾತಾವರಣಕ್ಕಿಂತ ನೂರು ಮಡಿಗೂ ಮೀರಿದ ಒತ್ತಡದಲ್ಲಿ ಜಲಜನಕವನ್ನು ಹಾಯಿಸುತ್ತಾರೆ. ಮಂಗಳೂರಿನಲ್ಲಿ ಈ ಎರಡು ಬಗೆಯ ಘಟಕಗಳೂ ಇವೆ.

ಜಲಜನಕದ ಮತ್ತೊಂದು ಉಪಕಾರವೆಂದರೆ ಗಂಧಕವನ್ನು ಹೊರಗೆಳೆಯುವುದು. 2020ರ ಏಪ್ರಿಲ್ 1ರಿಂದ ಭಾರತದ ಡೀಸೆಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 10 ಭಾಗ ಗಂಧಕಕ್ಕೆ ಮಾತ್ರ ಅವಕಾಶ; ಅದಕ್ಕೆ ಮುನ್ನ 50 ಭಾಗವಿತ್ತು. ಬಸ್ಸಿನ ಹೊಗೆಯಲ್ಲಿ ನಿಂತು ಶಾಲೆಗೆ ಬರುವ ಮಕ್ಕಳ ಶ್ವಾಸಕೋಶಕ್ಕೆ ಇದು ಸಂಬಂಧಿಸಿದ ವಿಷಯ.

ಆದರೂ ವೇಗವರ್ಧಕವು ಅಮರವಲ್ಲ. ಮಸಿಯನ್ನು ಸುಡಬಹುದು, ವನೇಡಿಯಂ, ನಿಕಲ್ಲುಗಳು ಅಂಟಿಕೊಂಡರೆ ಅವು ಸುಟ್ಟರೂ ಹೋಗವು. ಹೀಗೆ ಸತ್ತ್ವಗುಂದಿದ ಪುಡಿಯನ್ನು ಎಲ್ಲೆಂದರಲ್ಲಿ ಸುರಿಯದೆ ಎಚ್ಚರದಿಂದ ವಿಲೇವಾರಿ ಮಾಡಬೇಕು.

ಈ ತತ್ತ್ವವನ್ನು ಶಾಲೆಯಲ್ಲಿಯೇ ತೋರಿಸಬಹುದು. ಅಧ್ಯಾಪಕರು ತೆಳು ಹೈಡ್ರೋಜನ್ ಪೆರಾಕ್ಸೈಡಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡನ್ನು ಹಾಕಿದರೆ ಆಮ್ಲಜನಕವು ನೊರೆನೊರೆಯಾಗಿ ಏಳುತ್ತದೆ. ಅನಂತರ ಪುಡಿಯನ್ನು ಸೋಸಿ, ಒಣಗಿಸಿ ತೂಗಿದರೆ ಮೊದಲಿನ ತೂಕವೇ ಇರುವುದು. ದಾನಿಗಳು ಪ್ರಯೋಗಶಾಲೆಗೆ ಒಂದು ಒಳ್ಳೆಯ ತಕ್ಕಡಿಯನ್ನು ಕೊಡಿಸಿದರೆ, ಮಕ್ಕಳು ಇದನ್ನು ತಾವೇ ತೂಗಿ ತಿಳಿದಾರು.