ಅಪ್ಪನ ಫೋನಿನಲ್ಲಿ ಬಿಳಿ ಪುಟ

2017ರ ಭೂಮಿ ಹುಣ್ಣಿಮೆಗೆ ಶಿರಾಳಕೊಪ್ಪಕ್ಕೆ ಹೋದಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಪುಟ ರೆಡಿ ಇತ್ತು. ಕೃಷಿ ಮಾರಾಟ ವಾಹಿನಿಯಲ್ಲಿ ಬರುವ ಮೆಕ್ಕೆಜೋಳದ ದರವನ್ನು ದಿನಾ ಅದಕ್ಕೆ ತುಂಬಿಸುತ್ತಿದ್ದೆ. ಊರಿನ ಹೆಸರು ಒತ್ತಿದರೆ ಪುಟ ಮತ್ತೆ ಲೋಡ್ ಆಗದೆ ದರ ಮಾತ್ರ ಬದಲಾಗುತ್ತಿತ್ತು. ಡೈನಾಮಿಕ್ ಪುಟ ಅನ್ನೋದು ಇದಕ್ಕೇ. ಕ್ರೋಮ್‌ನಲ್ಲಿ ಚೆನ್ನಾಗಿ ಓಡಿತು. "ಅಪ್ಪಾ, ಇನ್ಮೇಲೆ ವ್ಯಾಪಾರಿನ ಕೇಳ್ಬೇಡಿ, ಇದನ್ನ ನೋಡಿ" ಅಂತ ಜಂಬದಿಂದ ಲಿಂಕ್ ಕಳಿಸಿ ಬೆಂಗಳೂರಿಗೆ ವಾಪಸ್ ಬಂದೆ.

ಮೂರನೇ ದಿನ ಫೋನ್. "ಬರೀ ಬಿಳೀದು ಬರ್ತೈತಲ್ಲೋ, ಏನೂ ಕಾಣಲ್ಲ." ನೆಟ್ ಇರಲಿಕ್ಕಿಲ್ಲ ಅಂದೆ. ನೆಟ್ ಇತ್ತು. ಮಳೆ ಮೋಡ ಕವಿದಿದ್ದರಿಂದ ಕಾಯಲಾಗದೆ ವ್ಯಾಪಾರಿ ಹೇಳಿದ ರೇಟಿಗೇ ಜೋಳ ಕೊಟ್ಟರು. ಅವತ್ತಿನ ಮಾರುಕಟ್ಟೆ ದರಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕೋ ಧೈರ್ಯ ನನಗೆ ಬರಲಿಲ್ಲ.

ತಪ್ಪು ನನ್ನದೇ. ಅವರ ಹಳೇ ಆಂಡ್ರಾಯ್ಡ್ ಬ್ರೌಸರ್‌ಗೆ 2015ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಬರವಣಿಗೆ ಗೊತ್ತಿಲ್ಲ. ನಾನು 'ಫಂಕ್ಷನ್' ಅಂತ ಬರೆಯೋ ಕಡೆಯೆಲ್ಲ ಸ್ಟೈಲಾಗಿ ಬಾಣದ ಗುರುತು ಹಾಕಿದ್ದೆ. ಎಚ್‌ಟಿಎಂಎಲ್‌ನಲ್ಲಿ ಗೊತ್ತಿಲ್ಲದ ಟ್ಯಾಗ್ ಬಂದರೆ ಬ್ರೌಸರ್ ಅದನ್ನು ಬಿಟ್ಟು ಮುಂದೆ ಹೋಗುತ್ತೆ. ಜಾವಾಸ್ಕ್ರಿಪ್ಟ್ ಹಾಗಲ್ಲ, ಅರ್ಥವಾಗದ ಒಂದು ಗುರುತು ಸಿಕ್ಕರೆ ಇಡೀ ಫೈಲನ್ನೇ ಕೈಬಿಡುತ್ತೆ. ನನ್ನ ಪುಟದಲ್ಲಿ ಎಲ್ಲವನ್ನೂ ಸ್ಕ್ರಿಪ್ಟೇ ಬರೆಯಬೇಕಿತ್ತು. ಹಾಗಾಗಿ ಬಿಳಿ.

ನಮ್ಮ ಸೀನಿಯರ್‌ಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಕಷ್ಟ ಹೇಳುವಾಗ ನಾನು ನಗುತ್ತಿದ್ದೆ. ಸರ್ವರ್‌ನಿಂದ ಡೇಟಾ ತರೋಕೆ ಅದಕ್ಕೊಂದು ಕೋಡ್, ಫೈರ್‌ಫಾಕ್ಸ್‌ಗೆ ಇನ್ನೊಂದು. ಆ ತಲೆನೋವಿಗೇ 2006ರಲ್ಲಿ ಜೆಕ್ವೆರಿ ಬಂದದ್ದು. ಎಕ್ಸ್‌ಪ್ಲೋರರ್‌ಗೆ 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟೇ ವಿದಾಯ ಹೇಳಿತು, ಆದರೆ ಹಳೇ ಫೋನ್‌ಗಳಿಗೆ ಯಾರೂ ವಿದಾಯ ಹೇಳಲ್ಲ, ಅವು ತಮ್ಮನಿಂದ ಅಮ್ಮನಿಗೆ, ಅಮ್ಮನಿಂದ ಅಜ್ಜಿಗೆ ಹೋಗ್ತಾವೆ.

ಎರಡು ಭಾನುವಾರ ಕೂತು ಸರಿ ಮಾಡಿದೆ. ಬೇಬಲ್ ಎಂಬ ಸಾಧನ ಹೊಸ ಬರವಣಿಗೆಯನ್ನು ಹಳೇದಕ್ಕೆ ಬದಲಾಯಿಸಿತು. ಆದರೂ ದರ ಬರಲಿಲ್ಲ! ಡೇಟಾ ತರುವ 'ಫೆಚ್' ಬರವಣಿಗೆಯಲ್ಲ, ಬ್ರೌಸರ್‌ನೊಳಗೇ ಇರಬೇಕಾದ ಸೌಲಭ್ಯ, ಅದನ್ನು ಬೇಬಲ್ ತಂದುಕೊಡಲ್ಲ ಅಂತ ಆಗ ಗೊತ್ತಾಯ್ತು. ಈ ಬ್ರೌಸರ್‌ನಲ್ಲಿ ಫೆಚ್ ಇದೆಯಾ ಅಂತ ಮೊದಲು ಕೇಳಿ, ಇಲ್ಲದಿದ್ದರೆ ಹಳೇ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಬಳಸು ಅಂತ ಬರೆದೆ. ಇನ್ನೊಂದು ಬದಲಾವಣೆ, ಅದೇ ನನ್ನ ಪ್ರಕಾರ ದೊಡ್ಡದು: ಆ ದಿನದ ದರದ ಪಟ್ಟಿಯನ್ನು ಸರ್ವರ್‌ನಲ್ಲೇ ಎಚ್‌ಟಿಎಂಎಲ್‌ಗೆ ಸೇರಿಸಿದೆ. ಸ್ಕ್ರಿಪ್ಟ್ ಸತ್ತರೂ ಪಟ್ಟಿ ಕಾಣುತ್ತೆ.

ಆ ಫೋನ್ ಈಗ ನನ್ನ ಡ್ರಾಯರ್‌ನಲ್ಲಿದೆ. ಚಾರ್ಜ್ ನಿಲ್ಲಲ್ಲ, ವೈರ್ ಚುಚ್ಚಿಯೇ ಇಡಬೇಕು. ಯಾವ ಪುಟ ಮಾಡಿದರೂ ಮೊದಲು ಅದರಲ್ಲಿ ತೆರೆದು ನೋಡ್ತೀನಿ. ಅಪ್ಪನಿಗೆ ಹೊಸದು ಕೊಡಿಸಿದೆ. ಅವರು ಮಾತ್ರ ಈಗಲೂ ಪುಟ ನೋಡಿ, ಆಮೇಲೆ ನನಗೆ ಫೋನ್ ಮಾಡಿ, "ರೇಟು ಇಷ್ಟೇ ಏನಪ್ಪಾ?" ಅಂತ ಒಮ್ಮೆ ಕೇಳ್ತಾರೆ.