ಮ್ಯಾಮೊಗ್ರಾಂ: ನಿಲ್ಲುವ ಭಂಗಿಯೂ ಮುಖ್ಯ

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುವ, ನಲವತ್ತೆಂಟು ವರ್ಷದ ಮಹಿಳೆಯೊಬ್ಬರು ಬೆಂಗಳೂರಿನಲ್ಲಿ ತೆಗೆಸಿದ ಮ್ಯಾಮೊಗ್ರಾಂ ಹಿಡಿದು ಬಂದಿದ್ದರು. ಬಲ ಕಂಕುಳಿನ ಹತ್ತಿರ ಗಂಟೊಂದು ಅವರ ಕೈಗೆ ಸಿಗುತ್ತಿತ್ತು. 'ಫೋಟೋದಲ್ಲಿ ಏನೂ ಇಲ್ವಂತೆ ಡಾಕ್ಟ್ರೇ, ಇನ್ನು ಸುಮ್ಮನಿರಬಹುದಲ್ವಾ?' ಎಂದರು. ವರದಿಯ ಕೊನೆಯ ಸಾಲು ಬೇರೆಯೇ ಹೇಳುತ್ತಿತ್ತು: ಕಂಕುಳಿನ ಕಡೆಯ ಭಾಗ ಪೂರ್ತಿ ಬಂದಿಲ್ಲ, ಮತ್ತೊಮ್ಮೆ ತೆಗೆಸಬೇಕು. ವಿಚಾರಿಸಿದಾಗ, ಭುಜ ಹಿಡಿದುಕೊಂಡು ಕೈ ಎತ್ತಲಾಗದೆ, ನೋವು ನಾಚಿಕೆಗಳಿಂದ ಯಂತ್ರದಿಂದ ಹಿಂದೆ ಸರಿದಿದ್ದರೆಂದು ತಿಳಿಯಿತು. ಎರಡನೇ ಸಲ ಸರಿಯಾಗಿ ನಿಂತಾಗ ಗಂಟು ಕಂಡಿತು. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾಯಿತು. ಇನ್ನೂ ಚಿಕ್ಕದಿದ್ದುದರಿಂದ ಚಿಕಿತ್ಸೆ ಸುಲಭವಾಯಿತು.

ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್‌ರೇ. ಪ್ರತಿ ಸ್ತನಕ್ಕೆ ಸಾಮಾನ್ಯವಾಗಿ ಎರಡು ಚಿತ್ರ: ಒಂದು ಮೇಲಿನಿಂದ ಕೆಳಕ್ಕೆ, ಇನ್ನೊಂದು ಓರೆಯಾಗಿ. ಸ್ತನದ ಅಂಗಾಂಶ ಕಂಕುಳಿನವರೆಗೂ ಚಾಚಿರುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಸ್ತನದ ಮೇಲ್ಭಾಗದ ಹೊರಪಾರ್ಶ್ವದಲ್ಲೇ. ಓರೆ ಚಿತ್ರದಲ್ಲಿ ಎದೆಯ ಸ್ನಾಯುವೂ ಕಾಣಿಸಿದರೆ, ಒಳಭಾಗದವರೆಗೂ ಚಿತ್ರ ಬಂದಿದೆ ಎಂದರ್ಥ. ಭುಜ ಬಿಗಿ ಹಿಡಿದರೆ ಈ ಭಾಗವೇ ಚಿತ್ರದಿಂದ ಹೊರಗುಳಿಯುತ್ತದೆ. ಚಿತ್ರದಲ್ಲಿ ಬಾರದ ಗಂಟನ್ನು ಯಾವ ತಜ್ಞರೂ ಓದಲಾರರು.

'ಯಂತ್ರ ಯಾಕೆ ಅಷ್ಟು ಒತ್ತುತ್ತದೆ?' ಎಂದು ಹಲವರು ಕೇಳುತ್ತಾರೆ. ಒತ್ತಿ ಹರಡಿದಾಗ ಒಂದರ ಮೇಲೊಂದು ಬಿದ್ದ ಅಂಗಾಂಶ ಬಿಡಿಯಾಗಿ ಕಾಣುತ್ತದೆ, ಚಿತ್ರ ಅಲುಗಾಡುವುದಿಲ್ಲ, ವಿಕಿರಣವೂ ಕಡಿಮೆ ಸಾಕಾಗುತ್ತದೆ. ಒತ್ತಡವಿರುವುದು ಕೆಲವೇ ಸೆಕೆಂಡು. ಅದರಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬೇಡ.

ಪರೀಕ್ಷೆಗೆ ಹೋಗುವಾಗ ಇಷ್ಟು ನೆನಪಿರಲಿ:

• ಮುಟ್ಟಾಗುತ್ತಿರುವವರು ಮುಟ್ಟು ನಿಂತ ನಂತರದ ವಾರದಲ್ಲಿ ಹೋದರೆ ನೋವು ಕಡಿಮೆ.

• ಅಂದು ಕಂಕುಳು, ಎದೆಗೆ ಪೌಡರು, ಸೆಂಟು ಹಚ್ಚಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಂಡು ಗೊಂದಲವಾಗುತ್ತದೆ.

• ಸರ, ತಾಳಿ ಚಿತ್ರಕ್ಕೆ ಅಡ್ಡ ಬರದಂತೆ ತಂತ್ರಜ್ಞರು ಹೇಳಿದ ಹಾಗೆ ಮಾಡಿ.

• ಭುಜ ನೋವು, ಹಿಂದಿನ ಆಪರೇಷನ್, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ತಿಳಿಸಿ. ನಿಲ್ಲಲಾಗದವರಿಗೆ ಕೂರಿಸಿಯೂ ತೆಗೆಯಬಹುದು. ಮಹಿಳಾ ತಂತ್ರಜ್ಞರು ಬೇಕೆಂದು ಕೇಳಲು ಸಂಕೋಚ ಬೇಡ.

• ಹಳೆಯ ಚಿತ್ರಗಳಿದ್ದರೆ ಜೊತೆಗೆ ಒಯ್ಯಿರಿ. ಮತ್ತೆ ಕರೆದರೆ ಹೆದರದೆ ಹೋಗಿ. ಹಾಗೆ ಕರೆಯುವುದೆಲ್ಲ ಕ್ಯಾನ್ಸರ್ ಇದೆ ಎಂದಲ್ಲ.

ಭಂಗಿಯ ಮಾತು ಬೇರೆ ಪರೀಕ್ಷೆಗಳಿಗೂ ಅನ್ವಯಿಸುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಅಂಗಾತ ಮಲಗಿ, ಕೈಯನ್ನು ತಲೆಯ ಮೇಲಿರಿಸಿಕೊಳ್ಳಬೇಕು. ಎಂಆರ್‌ಐಯಲ್ಲಿ ಬೋರಲಾಗಿ ಮಲಗಬೇಕು. ಹೀಗೆ ಭಂಗಿ ಬದಲಾದಂತೆ ಗಂಟು ಇರುವ ಜಾಗವೂ ಸ್ವಲ್ಪ ಬದಲಾದಂತೆ ಕಾಣುತ್ತದೆ. ಆದ್ದರಿಂದ ಎರಡು ವರದಿಗಳಲ್ಲಿ ಅಳತೆ ಹೊಂದದಿದ್ದರೆ ಗಾಬರಿಯಾಗದೆ ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ಮುಖ್ಯವಾದುದು: ಕೈಗೆ ಗಂಟು ಸಿಗುತ್ತಿದ್ದರೆ, ಮ್ಯಾಮೊಗ್ರಾಂ ಸರಿಯಿದ್ದರೂ ಅಲ್ಲಿಗೇ ಬಿಡಬಾರದು. ಅಲ್ಟ್ರಾಸೌಂಡ್ ಬೇಕಾಗಬಹುದು, ಸೂಜಿ ಪರೀಕ್ಷೆ ಬೇಕಾಗಬಹುದು. ಮೊಲೆತೊಟ್ಟು ಒಳಸೇರುವುದು, ರಕ್ತ ಸೋರುವುದು, ಚರ್ಮ ಕುಳಿ ಬೀಳುವುದು ಇವೂ ಎಚ್ಚರಿಕೆಯ ಗುರುತುಗಳು.

1982ರಿಂದ ಕಿದ್ವಾಯಿ ಸಂಸ್ಥೆ ನಡೆಸುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಪ್ರಕಾರ, ಹೆಂಗಸರಲ್ಲಿ ಈಗ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ. ಮೂವತ್ತು ದಾಟಿದ ಹೆಂಗಸರ ಸ್ತನವನ್ನು ಕೈಯಿಂದ ಪರೀಕ್ಷಿಸುವುದು ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲೇ ಸೇರಿದೆ. ನೆಲಮಂಗಲವಿರಲಿ, ಹೊಸಕೋಟೆಯಿರಲಿ, ದೇವನಹಳ್ಳಿಯಿರಲಿ, ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಮನೆಯ ಗಂಡಸರಿಗೆ ಒಂದು ಮಾತು: ಬೆಂಗಳೂರಿಗೆ ಬಸ್ ಹತ್ತಬೇಕಾದ ದಿನ ಜೊತೆಗೆ ಹೋಗಿ. ವರದಿಯನ್ನು ಕೊನೆಯ ಸಾಲಿನವರೆಗೂ ಓದಿಸಿಕೊಂಡು ಬನ್ನಿ.