ಮೆದುಳಿಗೂ ಬೇಕು ದಿನನಿತ್ಯದ ಕಸರತ್ತು

ಪರೀಕ್ಷೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದೇ ರಾಗ. 'ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ' ಎಂದು ಮಕ್ಕಳ ಗೋಳು. 'ಓದಿದ್ದು ಒಂದೂ ನೆನಪಿರುವುದಿಲ್ಲ ಇವನಿಗೆ' ಎಂದು ತಾಯಿತಂದೆಯರ ದೂರು. ಔಷಧಿ ಅಂಗಡಿಯಲ್ಲಿ ಜ್ಞಾಪಕಶಕ್ತಿ ಹೆಚ್ಚಿಸುತ್ತವೆಂಬ ಟಾನಿಕ್ಕುಗಳು, ಗೋಡೆಗಳ ಮೇಲೆ ಸ್ಮರಣಶಕ್ತಿ ತರಗತಿಗಳ ಜಾಹೀರಾತು, ಮೊಬೈಲಿನಲ್ಲಿ ಬುದ್ಧಿ ಚುರುಕುಗೊಳಿಸುವ ಆಟಗಳು. ಈ ಗದ್ದಲದ ನಡುವೆ ಒಂದು ಮಾತು ಮಾತ್ರ ಸದ್ದಿಲ್ಲದೆ ಮಗುವಿನ ಮನಸ್ಸಿನಲ್ಲಿ ಬೇರುಬಿಡುತ್ತದೆ: 'ನನಗೆ ತಲೆ ಇಲ್ಲ.'

ಈ ಮಾತು ಎಷ್ಟರ ಮಟ್ಟಿಗೆ ನಿಜ? ತಲೆ ಎನ್ನುವುದು ಹುಟ್ಟುವಾಗಲೇ ಸೇರಿನಲ್ಲಿ ಅಳೆದು ಕೊಟ್ಟ ಪಡಿಯೇ? ಅಥವಾ ಗರಡಿಯಲ್ಲಿ ಪಳಗಿದ ತೋಳಿನಂತೆ ದುಡಿಸಿದಷ್ಟೂ ಬಲಗೊಳ್ಳುವ ಅಂಗವೇ? ಹುಟ್ಟಿನಿಂದ ಬರುವ ವ್ಯತ್ಯಾಸಗಳು ಇಲ್ಲವೆಂದಲ್ಲ. ಆದರೆ ಕಲಿಕೆಯಿಂದ ಮೆದುಳು ಬದಲಾಗುತ್ತದೆ, ಅದೂ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ ಎಂಬುದನ್ನು ಕಳೆದ ಕೆಲವು ದಶಕಗಳ ಸಂಶೋಧನೆ ಮತ್ತೆ ಮತ್ತೆ ತೋರಿಸಿದೆ.

ಕಾಲುದಾರಿಯ ಕಥೆ

ವಯಸ್ಕರ ಮೆದುಳಿನ ತೂಕ ಒಂದೂವರೆ ಕಿಲೋಗಿಂತ ತುಸು ಕಡಿಮೆ. ದೇಹದ ತೂಕದಲ್ಲಿ ಅದರ ಪಾಲು ಶೇಕಡಾ 2 ಮಾತ್ರ. ಆದರೆ ಸುಮ್ಮನೆ ಕುಳಿತಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅದೊಂದೇ ಬಳಸುತ್ತದೆ. ಮೆದುಳಿನಲ್ಲಿರುವ ನರಕೋಶಗಳ ಸಂಖ್ಯೆ ಹತ್ತು ಸಾವಿರ ಕೋಟಿ ಎಂದು ಬಹುಕಾಲ ಹೇಳಲಾಗುತ್ತಿತ್ತು. 2009ರಲ್ಲಿ ಬ್ರೆಜಿಲ್‌ನ ಸಂಶೋಧಕರು ಹೊಸ ವಿಧಾನದಿಂದ ಎಣಿಸಿ ಅದು ಸುಮಾರು 8,600 ಕೋಟಿ ಎಂದು ತಿಳಿಸಿದರು.

ಆದರೆ ಕಲಿಕೆಯಲ್ಲಿ ಮುಖ್ಯವಾದದ್ದು ನರಕೋಶಗಳ ಸಂಖ್ಯೆಯಲ್ಲ, ಅವುಗಳ ನಡುವಿನ ಕೊಂಡಿಗಳು. ಹೊಸದೇನನ್ನಾದರೂ ಕಲಿಯುವಾಗ ಕೆಲವು ಕೊಂಡಿಗಳು ಬಲಗೊಳ್ಳುತ್ತವೆ, ಕೆಲವು ಹೊಸದಾಗಿ ಮೂಡುತ್ತವೆ, ಬಳಸದವು ಸಡಿಲಗೊಳ್ಳುತ್ತವೆ. ಹೊಲದ ನಡುವಿನ ಕಾಲುದಾರಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು. ದಿನವೂ ನಡೆದರೆ ದಾರಿ ಗಟ್ಟಿಯಾಗುತ್ತದೆ. ಒಂದು ಮಳೆಗಾಲ ಯಾರೂ ತುಳಿಯದಿದ್ದರೆ ಹುಲ್ಲು ಬೆಳೆದು ದಾರಿಯೇ ಕಾಣದಾಗುತ್ತದೆ.

ಬೀದಿ ಕಲಿತವರ ಮೆದುಳು

ಲಂಡನ್ ನಗರದಲ್ಲಿ ಕಪ್ಪು ಟ್ಯಾಕ್ಸಿ ಓಡಿಸಲು ಪರವಾನಗಿ ಸಿಗುವುದು ಸುಲಭದ ಮಾತಲ್ಲ. ನಗರದ ನಡುವಿನ ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿ ತ್ರಿಜ್ಯದೊಳಗಿನ ಸುಮಾರು 25 ಸಾವಿರ ಬೀದಿಗಳನ್ನೂ ಸಾವಿರಾರು ಮುಖ್ಯ ಸ್ಥಳಗಳನ್ನೂ ನೆನಪಿನಲ್ಲಿಟ್ಟುಕೊಂಡು ಪರೀಕ್ಷೆ ಪಾಸಾಗಬೇಕು. ಇದಕ್ಕೆ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಗಳೇ ಬೇಕು.

ಈ ಚಾಲಕರ ಮೆದುಳನ್ನು ಎಲಿನರ್ ಮಗ್ವೈರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಸ್ಕ್ಯಾನ್ ಮಾಡಿ ನೋಡಿದರು. ನೆನಪಿಗೂ ದಾರಿ ಗುರುತಿಸುವುದಕ್ಕೂ ನೆರವಾಗುವ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರಿಗಿಂತ ಚಾಲಕರಲ್ಲಿ ದೊಡ್ಡದಾಗಿತ್ತು. 2000ದಲ್ಲಿ ಈ ವರದಿ ಪ್ರಕಟವಾದಾಗ ಸಹಜವಾಗಿಯೇ ಒಂದು ಸಂದೇಹ ಬಂತು. ಬೀದಿ ಕಲಿತದ್ದರಿಂದ ಆ ಭಾಗ ಬೆಳೆಯಿತೋ, ಮೊದಲೇ ಅದು ದೊಡ್ಡದಿದ್ದವರು ಚಾಲಕರಾದರೋ?

ಉತ್ತರ ದೊರೆತದ್ದು 2011ರಲ್ಲಿ. ಆಗಷ್ಟೇ ಕಲಿಕೆ ಆರಂಭಿಸಿದ್ದ 79 ಮಂದಿಯನ್ನು ಮೊದಲೇ ಪರೀಕ್ಷಿಸಿ, ಮೂರು-ನಾಲ್ಕು ವರ್ಷಗಳ ನಂತರ ಮತ್ತೆ ಪರೀಕ್ಷಿಸಲಾಯಿತು. ಪಾಸಾದವರು 39 ಮಂದಿ. ಆರಂಭದಲ್ಲಿ ಅವರಿಗೂ ಪಾಸಾಗದವರಿಗೂ ಮೆದುಳಿನಲ್ಲಿ ವ್ಯತ್ಯಾಸ ಇರಲಿಲ್ಲ. ಕಲಿತು ಪಾಸಾದವರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಇವರೆಲ್ಲ ಎಳೆಯ ಮಕ್ಕಳಲ್ಲ, ವಯಸ್ಕರು ಎಂಬುದನ್ನು ಗಮನಿಸಬೇಕು.

ಇದರ ಜೊತೆಗೆ ಜರ್ಮನಿಯ ಇನ್ನೊಂದು ಪ್ರಯೋಗವನ್ನೂ ನೋಡಬೇಕು. 2004ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಕೆಲವರು ಮೂರು ಚೆಂಡುಗಳನ್ನು ಗಾಳಿಯಲ್ಲಿ ಚಿಮ್ಮಿ ಹಿಡಿಯುವ ಆಟವನ್ನು ಮೂರು ತಿಂಗಳಲ್ಲಿ ಕಲಿತರು. ಚಲಿಸುವ ವಸ್ತುಗಳನ್ನು ಕಣ್ಣಿನಿಂದ ಹಿಂಬಾಲಿಸಲು ನೆರವಾಗುವ ಮೆದುಳಿನ ಭಾಗ ಅವರಲ್ಲಿ ಹಿಗ್ಗಿತು. ಆಟ ನಿಲ್ಲಿಸಿ ಮೂರು ತಿಂಗಳು ಕಳೆದ ಮೇಲೆ ಆ ಹಿಗ್ಗಿದ್ದು ಬಹುಮಟ್ಟಿಗೆ ಕುಗ್ಗಿತು. ಒಮ್ಮೆ ಕಲಿತು ಬಿಟ್ಟರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಲೆಕ್ಕದ ದೇವಿ ಕಲಿಸಿದ ಪಾಠ

1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಹೆಸರನ್ನು ಕೇಳದ ವಿದ್ಯಾರ್ಥಿ ಅಪರೂಪ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ಹೇಳಿ ಗಿನ್ನೆಸ್ ದಾಖಲೆ ಸೇರಿದರು.

ಇಂಥವರ ಮೆದುಳು ಎಲ್ಲ ಕೆಲಸದಲ್ಲೂ ಮಿಂಚಿನಂತೆ ಓಡುತ್ತಿರಬೇಕಲ್ಲವೆ? ಅಮೆರಿಕದ ಮನಃಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಅವರನ್ನು ಪರೀಕ್ಷೆಗೆ ಒಳಪಡಿಸಿ 1990ರಲ್ಲಿ ವರದಿ ಪ್ರಕಟಿಸಿದರು. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವಾಗಿರಲಿಲ್ಲ. ಅವರ ಅದ್ಭುತವೆಲ್ಲ ಅಂಕಿಗಳ ಲೋಕದಲ್ಲಿತ್ತು. ಎಳೆವಯಸ್ಸಿನಿಂದ ಅವರು ಒಡನಾಡಿದ್ದೂ ಆ ಅಂಕಿಗಳೊಡನೆಯೇ.

ವಿದ್ಯಾರ್ಥಿಗಳು ಇಲ್ಲಿ ತಿಳಿಯಬೇಕಾದ ಅಂಶವೊಂದಿದೆ. ಯಾವುದನ್ನು ಅಭ್ಯಾಸ ಮಾಡುತ್ತೇವೋ ಅದರಲ್ಲಿ ಮೆದುಳು ಚುರುಕಾಗುತ್ತದೆ. ಒಂದು ಕಸರತ್ತಿನಿಂದ ಎಲ್ಲದರಲ್ಲೂ ಚುರುಕಾಗುವುದಿಲ್ಲ. ಬುದ್ಧಿ ಬೆಳೆಸುವುದಾಗಿ ಹೇಳಿಕೊಳ್ಳುವ ಕಂಪ್ಯೂಟರ್ ಆಟಗಳ ಬಂಡವಾಳ ಬಯಲಾದದ್ದು ಇಲ್ಲೇ. 2010ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 11,430 ಮಂದಿ ಆರು ವಾರ ಇಂಥ ಆಟಗಳನ್ನು ಆಡಿದರು. ಆಡಿದ ಆಟದಲ್ಲಿ ಎಲ್ಲರೂ ಪಳಗಿದರು. ಆಡದೇ ಇದ್ದ ಬೇರೆ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ಆಟ ಆಡಬಾರದೆಂದಲ್ಲ. ಗಣಿತದಲ್ಲಿ ಹಿಂದೆ ಬಿದ್ದ ಮಗುವಿಗೆ ಬೇಕಾದದ್ದು ಗಣಿತವೇ ಹೊರತು ಬಣ್ಣದ ಚೌಕಗಳ ಆಟವಲ್ಲ, ಅಷ್ಟೆ.

ಪುಸ್ತಕ ಮುಚ್ಚಿದ ಮೇಲೆ

ಹಾಗಾದರೆ ಓದಿದ್ದು ಉಳಿಯಬೇಕಾದರೆ ಯಾವ ಅಭ್ಯಾಸ ಬೇಕು? ಹೆಚ್ಚಿನ ಮಕ್ಕಳು ಮಾಡುವುದು ಒಂದೇ: ಪಾಠವನ್ನು ಮತ್ತೆ ಮತ್ತೆ ಓದುವುದು. ಮೂರನೆಯ ಸಲ ಓದುವಾಗ ಸಾಲುಗಳೆಲ್ಲ ಪರಿಚಿತವೆನಿಸುತ್ತವೆ. 'ಬಂತು' ಎಂಬ ಧೈರ್ಯ ಹುಟ್ಟುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಆ ಧೈರ್ಯ ಕೈಕೊಡುತ್ತದೆ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವೊಂದನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪಾಠವನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇಕಡಾ 83ರಷ್ಟು ನೆನಪಿತ್ತು, ಬರೆದವರಿಗೆ ಶೇಕಡಾ 71. ಆದರೆ ವಾರ ಕಳೆದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಓದಿದವರಲ್ಲಿ ಉಳಿದದ್ದು ಶೇಕಡಾ 40, ಬರೆದವರಲ್ಲಿ ಶೇಕಡಾ 61.

ನೆನಪಿಸಿಕೊಳ್ಳಲು ಪಡುವ ಆ ತಿಣುಕಾಟವೇ ಮೆದುಳಿನ ವ್ಯಾಯಾಮ. ಉತ್ತರ ತಕ್ಷಣ ಹೊಳೆಯದೆ ತಲೆ ಕೆರೆದುಕೊಳ್ಳುವ ಮಗು ದಡ್ಡನಲ್ಲ, ಕಾಲುದಾರಿಯನ್ನು ತುಳಿಯುತ್ತಿರುವವನು. 'ಅಷ್ಟೂ ಗೊತ್ತಿಲ್ಲವೇ?' ಎಂದು ಗದರಿಸಿ ಉತ್ತರ ಹೇಳಿಬಿಟ್ಟರೆ ಆ ವ್ಯಾಯಾಮ ಅಲ್ಲಿಗೇ ನಿಂತಿತು.

ಎರಡನೆಯ ಸೂತ್ರ ಬಿಡುವು ಕೊಟ್ಟು ಕಲಿಯುವುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆಂದು ಲೆಕ್ಕವಿಟ್ಟು 1885ರಲ್ಲಿ ಪುಸ್ತಕ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ಹೆಚ್ಚು, ಆಮೇಲೆ ನಿಧಾನ. ಹಾಗಾಗಿ ಒಂದೇ ರಾತ್ರಿ ನಾಲ್ಕು ಗಂಟೆ ಓದುವುದಕ್ಕಿಂತ ನಾಲ್ಕು ದಿನ ಒಂದೊಂದು ಗಂಟೆ ಓದುವುದು ಮೇಲು. ಹನಿಗೂಡಿ ಹಳ್ಳ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಹಿಂದೆ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಸಾಲಾಗಿ ಕುಳಿತು ಮಕ್ಕಳು ಮಗ್ಗಿ, ವಾರ, ತಿಥಿ, ನಕ್ಷತ್ರಗಳನ್ನು ಒಪ್ಪಿಸುತ್ತಿದ್ದ ಪದ್ಧತಿಯಲ್ಲಿ ಈ ಎರಡೂ ಸೂತ್ರಗಳಿದ್ದವು. ಪುಸ್ತಕ ನೋಡುವಂತಿರಲಿಲ್ಲ, ಒಂದು ದಿನವೂ ತಪ್ಪುವಂತಿರಲಿಲ್ಲ. ಆದರೆ ಅರ್ಥ ತಿಳಿಯದ ಬಾಯಿಪಾಠ ಬಹುದೂರ ಬರುವುದಿಲ್ಲ. ಏಳೆಂಟಲಿ ಐವತ್ತಾರು ಎಂದು ಒಪ್ಪಿಸುವ ಹುಡುಗಿಗೆ ಏಳು ಸಾಲಿನಲ್ಲಿ ಎಂಟೆಂಟು ತೆಂಗಿನ ಸಸಿ ನೆಟ್ಟರೆ ಎಷ್ಟಾಯಿತು ಎಂಬುದೂ ಹೊಳೆಯಬೇಕು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನೆಯಲ್ಲೇ ಗರಡಿ

ಇದಕ್ಕೆಲ್ಲ ಹಣ ಸುರಿಯಬೇಕಾಗಿಲ್ಲ. ದಿನದ ಬದುಕಿನಲ್ಲೇ ಎಷ್ಟೋ ಅವಕಾಶಗಳಿವೆ:

* ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಅನಂತರ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಸೇರಿಸಿ. ಮಾರನೆಯ ದಿನ, ವಾರದ ನಂತರ ಮತ್ತೊಮ್ಮೆ ಹೀಗೆಯೇ ಮಾಡಿ.
* ದಿನಸಿ ಅಂಗಡಿಯ ಚೀಟಿಯನ್ನು ಅಂಗಡಿಯವನು ಕೂಡಿಸುವ ಮೊದಲೇ ಮನಸ್ಸಿನಲ್ಲಿ ಕೂಡಿಸಿ ನೋಡಿ. ನಾಲ್ವರ ಉಪ್ಪಿಟ್ಟಿಗೆ ಬೇಕಾದ ರವೆ ಹನ್ನೊಂದು ಮಂದಿಗೆ ಎಷ್ಟಾದೀತೆಂದು ಅಡುಗೆಮನೆಯಲ್ಲಿ ಮಕ್ಕಳನ್ನು ಕೇಳಿ.
* ಮನೆಯಿಂದ ಶಾಲೆಗೆ ಹೋಗುವ ದಾರಿಯ ನಕ್ಷೆಯನ್ನು ನೆನಪಿನಿಂದಲೇ ಬರೆಯಿರಿ. ಹತ್ತಿರದವರ ಫೋನ್ ನಂಬರುಗಳು ತಲೆಯಲ್ಲೂ ಇರಲಿ.
* ಅಜ್ಜಿಯಿಂದ ಒಗಟು ಕಲಿಯಿರಿ. ಅಳಗುಳಿಮಣೆ, ಚೌಕಾಬಾರ, ಚದುರಂಗ, ಪದಬಂಧ ಯಾವುದಾದರೂ ಸರಿ. ಸುಲಭವಾಯಿತೆನಿಸಿದಾಗ ಒಂದು ಮೆಟ್ಟಿಲು ಕಷ್ಟದ್ದನ್ನು ಆರಿಸಿ.
* ಪಕ್ಕದ ಮನೆಯವರ ಭಾಷೆ ಬೇರೆಯಾಗಿದ್ದರೆ ದಿನಕ್ಕೆರಡು ಮಾತು ಕಲಿಯಿರಿ.

ಇವುಗಳಲ್ಲಿ ಯಾವುದೂ ಮಂತ್ರದಂಡವಲ್ಲ. ಒಂದೊಂದೂ ಒಂದೊಂದು ಸಾಮರ್ಥ್ಯವನ್ನು ಪಳಗಿಸುತ್ತದೆ. ಕಷ್ಟವೆನಿಸಿದ್ದನ್ನು ಬಿಟ್ಟೋಡದೆ ಕೊಂಚ ಹೊತ್ತು ಹಿಡಿದು ನಿಲ್ಲುವ ರೂಢಿಯೂ ಬೆಳೆಯುತ್ತದೆ.

ನಿದ್ದೆಯನ್ನು ಮಾತ್ರ ಕದಿಯಬಾರದು. ಹಗಲು ಕಲಿತದ್ದನ್ನು ಮೆದುಳು ಭದ್ರಪಡಿಸಿಕೊಳ್ಳುವುದು ಬಹುಮಟ್ಟಿಗೆ ನಿದ್ದೆಯಲ್ಲಿ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ರಾತ್ರಿಯಿಡೀ ಚಹಾ ಕುಡಿದು ಓದುವುದೆಂದರೆ ಒಂದು ಕೈಯಲ್ಲಿ ತುಂಬಿ ಇನ್ನೊಂದು ಕೈಯಲ್ಲಿ ಚೆಲ್ಲಿದಂತೆ.

ದೊಡ್ಡವರಿಗೂ ಪಾಠವಿದೆ

'ನಮಗೆ ವಯಸ್ಸಾಯಿತು, ಇನ್ನೇನು ಕಲಿಯುವುದು' ಎಂದು ಟಿವಿ ಮುಂದೆ ಕೂರುವ ಅಪ್ಪ ಅಮ್ಮಂದಿರಿಗೂ ಇದು ಅನ್ವಯಿಸುತ್ತದೆ. 2011ರಲ್ಲಿ ಅಮೆರಿಕದಲ್ಲಿ 120 ವೃದ್ಧರ ಮೇಲೆ ನಡೆದ ಅಧ್ಯಯನದ ವರದಿ ಬಂತು. ವಾರಕ್ಕೆ ಮೂರು ದಿನದಂತೆ ಒಂದು ವರ್ಷ ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ಶೇಕಡಾ 2ರಷ್ಟು ಹಿಗ್ಗಿತ್ತು. ಆ ವಯಸ್ಸಿನಲ್ಲಿ ಅದು ಸಾಮಾನ್ಯವಾಗಿ ಕುಗ್ಗುವ ಭಾಗ.

ಹೈದರಾಬಾದಿನ ಅಧ್ಯಯನವೊಂದು ಇನ್ನೂ ಕುತೂಹಲಕರ. ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ಕಾಯಿಲೆಯ 648 ರೋಗಿಗಳ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು. ಬಹುಭಾಷೆ ಕಾಯಿಲೆಯನ್ನು ತಡೆದೇ ತಡೆಯುತ್ತದೆಂದು ಇದರಿಂದ ಹೇಳಲಾಗದು. ಎಲ್ಲ ದೇಶಗಳ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ. ಆದರೆ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಆಡಿ ವ್ಯಾಪಾರ ಮಾಡುವ ಅನಕ್ಷರಸ್ಥ ತಾಯಿಯ ಮೆದುಳೂ ದಿನವಿಡೀ ಕಸರತ್ತು ಮಾಡುತ್ತಿದೆ ಎಂಬುದನ್ನು ಮರೆಯಬಾರದು.

ಒಂದು ಎಚ್ಚರಿಕೆಯೂ ಬೇಕು. ಎಷ್ಟು ಪ್ರಯತ್ನಪಟ್ಟರೂ ಅಕ್ಷರಗಳು ಕಲಸುಮೇಲೋಗರವಾಗುವ, ಮಾತಿನಲ್ಲಿ ಜಾಣನಾಗಿದ್ದೂ ಓದಿನಲ್ಲಿ ಸದಾ ಎಡವುವ ಮಗುವಿಗೆ ಕಲಿಕೆಯ ತೊಂದರೆ ಇರಬಹುದು. ಕಣ್ಣು, ಕಿವಿಯ ದೋಷವೂ ಇರಬಹುದು. ಅಂಥ ಮಗುವಿಗೆ ಹೆಚ್ಚು ಗಂಟೆಗಳ ಓದಿಗಿಂತ ಮೊದಲು ತಜ್ಞರ ನೆರವು ಬೇಕು.

ಉಳಿದಂತೆ ತಾಯಿತಂದೆಯರು ಇಂದೇ ಮಾಡಬಹುದಾದ ಕೆಲಸ ಒಂದಿದೆ. ಮಗು ಶಾಲೆಯಿಂದ ಬಂದಾಗ 'ಎಷ್ಟು ಅಂಕ ಬಂತು?' ಎಂದು ಕೇಳುವ ಬದಲು 'ಇವತ್ತು ಏನು ಕಲಿತೆ, ನನಗೂ ಹೇಳಿಕೊಡು' ಎನ್ನುವುದು. ಮಗು ನೆನಪು ಮಾಡಿಕೊಳ್ಳುತ್ತದೆ, ತಡವರಿಸುತ್ತದೆ, ತನ್ನದೇ ಮಾತಿನಲ್ಲಿ ಹೇಳಲು ಹೆಣಗುತ್ತದೆ. ಕೇಳುತ್ತ ಕುಳಿತ ಅಮ್ಮನಿಗೋ ಅಪ್ಪನಿಗೋ ಹೊಸದೊಂದು ವಿಷಯ ತಿಳಿಯುತ್ತದೆ. ಹತ್ತು ನಿಮಿಷ ಸಾಕು. ಇದಕ್ಕೆ ಟ್ಯೂಷನ್ ಫೀಜೂ ಇಲ್ಲ.